ನಲವತ್ತೊಂದನೇ ಸಾಲಿನ ಬೆಳಕು

ಮಣಿಗುಡ್ಡ, ಮಾರ್ಚ್ ೩೪, ೨೩೪೬

ಜೈಬುನ್ನಿಸಾ ಅಕ್ಕನವರಿಗೆ ಮಣಿಗುಡ್ಡದಲ್ಲಿ ಹಳೆಯ ಕಂಪ್ಯೂಟರ್ ಪರದೆಗಳನ್ನು ನೋಡಿಕೊಳ್ಳುವ ಪರದೆಪಾಲಕಿ ನೀಲಮ್ಮನ ನಮಸ್ಕಾರಗಳು.

ತಾರೀಖು ನೋಡಿ ಬೆರಗಾಗಬೇಡಿ, ನಮ್ಮ ಬೇಸಿಗೆಯ ತಿಂಗಳಿಗೆ ನಲವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿನ್ನೆ ನಡೆದದ್ದನ್ನು ನಿಮಗೆ ಹೇಳದೆ ನನಗೆ ಅನ್ನ ಇಳಿಯುತ್ತಿಲ್ಲ.

ಮೇಲಿನ ಓಣಿಗೆ ಹನ್ನೆರಡು ದಿನದಿಂದ ನೀರಿರಲಿಲ್ಲ. ೧೯೮೮ರಲ್ಲಿ ನೀವು ನೀರು ಸರಬರಾಜು ಕಚೇರಿಯ ಮೇನ್‌ಫ್ರೇಮಿಗೆ ಟೈಪು ಮಾಡಿದ ವಾಲ್ವುಗಳ ಪಟ್ಟಿ ನಮ್ಮಲ್ಲಿ ನೆರಳುಪ್ರತಿಯಾಗಿ, ಅಂದರೆ ಅಕ್ಷರಗಳನ್ನಷ್ಟೇ ಉಳಿಸಿಕೊಂಡ ನಕಲಾಗಿ ಇದೆ. ಅದರಲ್ಲಿ ಆ ಓಣಿಯ ನಾಲ್ಕೂ ವಾಲ್ವುಗಳ ಮುಂದೆ ‘ಮುಚ್ಚಿದೆ’ ಎಂದಿತ್ತು. ಹತ್ತಿರದ್ದೆಂದು ನಲವತ್ತೊಂದನೇ ವಾಲ್ವನ್ನೇ ತೆರೆಯಲು ನಮ್ಮ ಹಿರಿಯ ನೀರಗಂಟಿ ಮೌನೇಶಪ್ಪ ಹೊರಟಿದ್ದರು.

ಎಂಟು ತಿಂಗಳು ರಿಪೇರಿ ಮಾಡಿದ ನಿಮ್ಮ ಕಾಲದ ಟರ್ಮಿನಲ್ ನಿನ್ನೆ ಬೆಳಿಗ್ಗೆಯಷ್ಟೇ ಜೀವ ತಳೆದಿತ್ತು. ನಿಮ್ಮ ಪಟ್ಟಿಯ ಮೂಲ ಟೇಪನ್ನು ಅದರಲ್ಲಿ ಓದಿಸಿದೆ. ಪರದೆಯ ತುಂಬ ಮಂಕು ಹಸಿರು ಅಕ್ಷರಗಳು. ಒಂದೇ ಒಂದು ಸಾಲು ಮಾತ್ರ ಝಗ್ಗನೆ ಹೊಳೆಯುತ್ತಿತ್ತು: ನಲವತ್ತೊಂದು. ಕೆಳಗೆ ನಿಮ್ಮ ಹೆಸರು. ಓಡಿಹೋಗಿ ಮೌನೇಶಪ್ಪನವರನ್ನು ಕರೆತಂದೆ.

“ಪರದೆ ಹಳೇದೈತಿ ತಂಗಿ, ಕೆಟ್ಟಿರಬೇಕು,” ಎಂದರು.

“ಕೆಟ್ಟಿಲ್ರೀ ಕಾಕಾ, ಈ ಬೆಳಕಿನ ತಿರುಗಣಿ ನೀವ ತಿರುವಿ ನೋಡ್ರಿ.”

ಅವರು ತಿರುವಿದರು. ಇಡೀ ಪರದೆ ಮಂಕಾಯಿತು, ಮತ್ತೆ ಬೆಳಗಿತು. ಎಷ್ಟು ತಿರುವಿದರೂ ಆ ಸಾಲು ಮಿಕ್ಕವುಗಳಿಗಿಂತ ಹೆಚ್ಚು ಹೊಳೆಯುತ್ತಲೇ ಇತ್ತು. ಮೌನೇಶಪ್ಪ ತಿರುಗಣಿ ಬಿಟ್ಟು ಗುದ್ದಲಿ ಕೈಗೆತ್ತಿಕೊಂಡರು.

“ಯಾರೋ ಬೇಕಂತನ ಮಾಡ್ಯಾರ,” ಎಂದರು ಕೊನೆಗೆ. “ಮೊದಲ ಅಗದು ನೋಡೂಣು.”

ಅಗೆದೆವು. ವಾಲ್ವಿನಾಚೆ ಕೊಳವೆಯೇ ಇರಲಿಲ್ಲ. ಎಂದೋ ಕತ್ತರಿಸಿ, ಬಾಯಿಗೆ ಇಟ್ಟಿಗೆ ಒಡ್ಡಿದ್ದರು, ಅದೂ ಸಡಿಲವಾಗಿತ್ತು. ಅದರ ಮೇಲೆಯೇ ಈಗ ನಮ್ಮ ಕೂಸಿನಮನೆಯಿದೆ. ತೆರೆದಿದ್ದರೆ ಕೆರೆಯ ನೀರೆಲ್ಲ ಇಪ್ಪತ್ತಾರು ಮಕ್ಕಳು ಮಲಗುವ ಕೋಣೆಯ ಅಡಿಗೆ ನುಗ್ಗುತ್ತಿತ್ತು. ನೀವು ಆ ಸಾಲನ್ನು ಬೆಳಗಿಸಿದ್ದು ಇದಕ್ಕೇ. ಮೌನೇಶಪ್ಪ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಟ್ಟರು, ಅವರ ಮೊಮ್ಮಗಳೂ ಅಲ್ಲೇ ಇರುತ್ತಾಳೆ.

ಸಂಜೆ ಅದೇ ಓಣಿಯ ಮೂವತ್ತೆಂಟನೇ ವಾಲ್ವನ್ನು ತೆರೆದೆವು. ಮೇಲಿನ ಓಣಿಯ ಹೆಂಗಸರು ಕೊಡ ಹಿಡಿದು ಬೀದಿಯಲ್ಲೇ ಕುಣಿದರು. ನಾನೂ ಕುಣಿದೆ ಅಕ್ಕಾ, ಮುಚ್ಚಿಡುವುದೇನು.

ಒಂದೇ ಬೇಡಿಕೆ. ನಿಮ್ಮ ಜತೆ ಕುಳಿತು ಟೈಪು ಮಾಡುವವರಿಗೆ ಹೇಳಿ: ಸಾಲನ್ನು ಬೆಳಗಿಸಿದರೆ ಸಾಲದು, ಏಕೆ ಬೆಳಗಿಸಿದಿರೆಂದು ಪಕ್ಕದಲ್ಲಿ ಎರಡು ಮಾತು ಬರೆಯಿರಿ. ನಕಲು ಮಾಡುವವರು ಬೆಳಕನ್ನು ಬಿಟ್ಟುಬಿಡುತ್ತಾರೆ.