ಆಟಿಕೆ ಪಿಯಾನೊಗೆ ನೀನು ಹಾಕಿದ ಬೆಸುಗೆ

ಅಕ್ಕಿಹೆಬ್ಬಾಳು
೨೦ ಆಗಸ್ಟ್ ೨೦೨೫

ತಮ್ಮ ರವೀಂದ್ರನಿಗೆ,

ನಿನ್ನ ಮಂಡಿನೋವು ಹೇಗಿದೆ? ನಿನ್ನ ಮನೆಯಾಕೆ ಸೋಮಮ್ಮನ ಸಕ್ಕರೆ ಕಾಯಿಲೆ ಹತೋಟಿಗೆ ಬಂತೇ? ಮಗಳು ಕೀರ್ತನಳ ಬಾಣಂತನ ಸಾಂಗವಾಗಿ ನಡೆಯುತ್ತಿದೆಯೇ, ಕೂಸು ಹೊಟ್ಟೆತುಂಬ ಹಾಲು ಕುಡಿಯುತ್ತಿದೆಯೇ? ಇಷ್ಟನ್ನು ಮನೆಯ ಹಿರಿಯನಾಗಿ ಕೇಳಿದ್ದೇನೆ. ಇನ್ನು ಮುಂದಿನದೆಲ್ಲ ಸಿಟ್ಟಿನಲ್ಲಿ ಬರೆದದ್ದು. ಫೋನಿನಲ್ಲಿ ಬೈದರೆ 'ಸಿಗ್ನಲ್ ಇಲ್ಲ ಕಣಣ್ಣ' ಅಂತ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಪೂರ್ತಿ ಓದು.

ಹೋದ ಭಾನುವಾರ ಕೂಸಿನ ನಾಮಕರಣಕ್ಕೆ ಪಾಂಡವಪುರಕ್ಕೆ ಬಂದಾಗ ನಿನ್ನ ಅತ್ತಿಗೆ ಅಣ್ಣಮ್ಮ ಚೀಲದಲ್ಲಿ ಗುಲಾಬಿ ಬಣ್ಣದ ಆಟಿಕೆ ಪಿಯಾನೊ ತಂದಿದ್ದಳು. ನನ್ನ ಮೊಮ್ಮಗಳು ಸ್ನೇಹ ಆಡಿ ಬಿಟ್ಟದ್ದು. ಅದನ್ನು ಕಂಡವನೇ ನೀನು ನೆಂಟರೆದುರಿಗೆ, 'ಏನಣ್ಣ, ಅತ್ಗೆಗೆ ಈ ವಯಸ್ನಲ್ಲಿ ಪೀಪಿ ಕೊಡ್ಸಿದ್ದೀಯಾ?' ಅಂದೆ. ಎಲ್ಲರೂ ನಕ್ಕರು. ಅಣ್ಣಮ್ಮನೂ ನಕ್ಕಳು. ಅವಳು ನಕ್ಕದ್ದೇ ನನಗೆ ಇನ್ನೂ ಚುಚ್ಚುತ್ತಿದೆ.

ಗಂಟಲಿನ ಆಪರೇಷನ್ ಆದ ಮೇಲೆ ಅವಳ ದನಿ ಇಳಿದುಹೋದದ್ದು ನಿನಗೆ ಗೊತ್ತು. ನಿನ್ನ ಹಾರ್ಮೋನಿಯಂನ ಯಾವ ಸ್ವರದ ಮನೆ ಒತ್ತಿದರೂ ಅವಳ ಶ್ರುತಿಗೆ ಒಂದು ಕೂದಲು ಮೇಲೆ, ಇಲ್ಲವೇ ಒಂದು ಕೂದಲು ಕೆಳಗೆ. ಭಜನೆಯಲ್ಲಿ 'ಅತ್ಗೆ, ನೀವು ತಾಳ ಹಾಕ್ಕಂಡು ಕೂತ್ಕಳಿ ಸಾಕು' ಅಂದವನು ನೀನೇ. ಅಂದಿನಿಂದ ಎರಡು ವರ್ಷ ಅವಳು ಅಡುಗೆಮನೆಯಲ್ಲೂ ಗುನುಗಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಮಿಕ್ಕಿದ್ದೆಲ್ಲ ರೇಡಿಯೊ ಬಿಚ್ಚಿ ಬಿಚ್ಚಿ ಕಲಿತದ್ದು. ಅವಳಿಗೊಂದು ಶ್ರುತಿ ಹುಡುಕೋಣವೆಂದು ಆ ಬ್ಯಾಟರಿ ಪಿಯಾನೊದ ಬೆನ್ನು ಬಿಚ್ಚಿದೆ. ಒಳಗೆ ಕರೆಂಟು ತಡೆಯುವ, ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರು. ಒದ್ದೆ ಬೆರಳಿನಲ್ಲಿ ಅದರ ಎರಡೂ ತುದಿ ಮುಟ್ಟಿದರೆ ದನಿ ಕುಯ್ಯೋ ಎಂದು ಮೇಲಕ್ಕೆ ಹಾರಿತು. ಮೇಲೆ ಹೋಗುವುದಾದರೆ ಕೆಳಗೂ ಇಳಿಸಬಹುದಲ್ಲ? ಅದನ್ನು ಕಿತ್ತು, ಅಪ್ಪನ ರೇಡಿಯೊದ ವಾಲ್ಯೂಮ್ ತಿರುಗಣಿಯನ್ನು ಆ ಜಾಗಕ್ಕೆ ತಂತಿಯಲ್ಲಿ ಜೋಡಿಸಿದೆ. ಮೂರು ವಾರ ಹಿಡಿಯಿತು. ತಿರುಗಿಸಿದಂತೆಲ್ಲ ಇಡೀ ಪಿಯಾನೊ ಜಾರಿ ಜಾರಿ ಇಳಿದು, ಎರಡು ಮನೆಗಳ ನಡುವೆ ಬೇಕಾದಲ್ಲಿ ನಿಲ್ಲುತ್ತಿತ್ತು. ಅವಳ ದನಿ ಸಿಕ್ಕ ಜಾಗಕ್ಕೆ ತಿರುಗಣಿಯ ಮೇಲೆ ಕುಂಕುಮದ ಚುಕ್ಕೆ ಇಟ್ಟೆ. ಅವತ್ತು ತೊಟ್ಟಿಲ ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿದಳು ಕಣೋ. ನಿನ್ನ ಮೊಮ್ಮಗುವಿಗೆ ಅದನ್ನೇ ಹಾಡಬೇಕೆಂದು, ನೀನು ನಕ್ಕ ಆ ಪೀಪಿಯನ್ನು ಹೊತ್ತು ಬಂದಿದ್ದಳು.

ನಾವು ಊಟಕ್ಕೆ ಕೂತಾಗ ನೀನು ಮಾಡಿದ್ದೇನು? ಜೋತಾಡುವ ತಂತಿ, ಉಂಡೆಉಂಡೆಯಾದ ಬೆಸುಗೆ ಕಂಡು ನಿನ್ನ ಅಕ್ಕಸಾಲಿ ಕೈ ತಡೆಯಲಿಲ್ಲ. ಕುಲುಮೆ ಮುಂದೆ ಕೂರಿಸಿಕೊಂಡು ಅಪ್ಪ ಗದರುತ್ತಿದ್ದರಲ್ಲ, 'ಬೆಸ್ಗೆ ಕಾಣುಸ್ಬಾರ್ದು ಕಣ್ಲಾ' ಅಂತ! ನಾನು ಒಳಗೇ ಅಂಟಿಸಿಟ್ಟಿದ್ದ ಹಳೆಯ ರೆಸಿಸ್ಟರನ್ನು ಹುಡುಕಿ, ತಿರುಗಣಿ ಕಿತ್ತು, ಗುರುತೇ ಸಿಗದ ಹಾಗೆ ಬೆಸೆದುಬಿಟ್ಟೆ. 'ಸರಿ ಮಾಡಿವ್ನಿ ತಗಳಿ ಅತ್ಗೆ' ಅಂತ ತೊಟ್ಟಿಲ ಮುಂದೆ ಇಟ್ಟೆ. ಅವಳು ಒತ್ತಿದಳು. ಅಂಗಡಿಯಿಂದ ತಂದ ದಿನದ ಅದೇ ಶ್ರುತಿ. ಎರಡನೇ ಸಾಲಿಗೆ ದನಿ ಒಡೆಯಿತು. 'ಕೆಮ್ಮು ಬಂತು' ಅಂದಳು. ಕೆಮ್ಮು ಬಂದಿರಲಿಲ್ಲ ರವೀಂದ್ರ. ಕೆ.ಆರ್. ಪೇಟೆವರೆಗೂ ಬಸ್ಸಿನ ಕಿಟಕಿಗೇ ಮುಖ ಹಾಕಿ ಕೂತಿದ್ದಳು. ಮನೆಗೆ ಬಂದವಳೇ ಪಿಯಾನೊವನ್ನು ಅಟ್ಟಕ್ಕೆ ಹಾಕಿದಳು.

ಗಿರಾಕಿಯ ಮೂಗುಬೊಟ್ಟನ್ನು ಕೇಳದೆ ಮುಟ್ಟದವನು ನೀನು. ಅಣ್ಣನ ಕೆಲಸ ಅಂದರೆ ಅಷ್ಟು ಸಸಾರವೇ? ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಸೋಮಮ್ಮನಿಗೂ ಕೀರ್ತನಳಿಗೂ ನನ್ನ ಆಶೀರ್ವಾದ. ಕೂಸಿಗೆ ಮುತ್ತು. ನಿನಗೆ ಈ ಸಲ ಏನೂ ಇಲ್ಲ.

ನಿನ್ನ ಅಣ್ಣ,
ನರಸಯ್ಯ

ಮರೆತಿದ್ದೆ: ನಿನ್ನೆ ಅಟ್ಟದಿಂದ ಅದನ್ನು ಇಳಿಸಿಕೊಂಡು ನಿನ್ನ ಬೆಸುಗೆ ಬಿಡಿಸಲು ಕೂತೆ. ಆಗಲಿಲ್ಲ. ಯುಗಾದಿಯಿಂದೀಚೆಗೆ ನನ್ನ ಬಲಗೈ ನಡುಗುತ್ತಿದೆ. ನನ್ನ ಬೆಸುಗೆ ಉಂಡೆಯಾದದ್ದು ಅದಕ್ಕೇ, ಮೂರು ವಾರ ಹಿಡಿದದ್ದೂ ಅದಕ್ಕೇ. ಅಣ್ಣಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ. ಅಪ್ಪನ ತಿರುಗಣಿ ಇಟ್ಟಿದ್ದೀಯೋ, ಎಸೆದೆಯೋ? ಇದ್ದರೆ ಕುಂಕುಮ ಅಳಿಸದ ಹಾಗೆ ತೆಗೆದುಕೊಂಡು ಬಾ. ನೀನೇ ಕೂತು ಬೆಸೆ. ಎಂದು ಬರುತ್ತೀಯ, ಬೇಗ ಬರೆ.