ಅವ್ವನ ದನಿಗೆ ಬೇಕಾದ ಡಬ್ಬಿ

ಸಮ್ರಾಟ್,

ನಿನ್ನೆ ಸಿರುಗುಪ್ಪದಲ್ಲಿ ಅವ್ವನ ನೆನಪಿನ ಸಭೆಯಲ್ಲಿ ಅವಳ ಹಾಡಿನ ರೆಕಾರ್ಡು ಪಿಸುಗುಟ್ಟಿತು. ನೀನು ಮೈಕು ಹಿಡಿದು, “ನಮ್ಮವ್ವನ ದನಿ ಮೊದ್ಲಿಂದ ಸಣ್ಣದ್ರಿ” ಎಂದೆ.

ಕರೂರಿನ ಗದ್ದೆಯಲ್ಲಿ ಸಸಿ ಹಚ್ಚುತ್ತಾ ಅವಳು ಹಾಡಿದರೆ ರಸ್ತೆಯ ಬಸ್ಸಿನವರು ತಿರುಗಿ ನೋಡುತ್ತಿದ್ದರು. ಸಣ್ಣದಿರುವುದು ನಿನ್ನ ಬುದ್ಧಿ. ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ಲಿನ ಸೂಜಿಯಿಂದ ಬರುವ ಸದ್ದು ಎಳೆಯಷ್ಟೇ ಇರುತ್ತದೆ. ಆಂಪ್ಲಿಫೈಯರಿಗೆ ಹೋಗುವ ಮೊದಲು ಅದನ್ನು ಹಿಗ್ಗಿಸಲು ಫೋನೊ ಪ್ರೀಆಂಪ್ ಎಂಬ ಡಬ್ಬಿ ಬೇಕು. ಟರ್ನ್‌ಟೇಬಲ್ ಕೊಂಡ ದಿನ ಅಂಗಡಿಯವನು ಅದನ್ನು ತೋರಿಸಿದಾಗ, “ಫೋನ್ ನನ್ನ ಹತ್ರ ಐತಿ, ಇನ್ನೊಂದ್ಯಾಕ್ರಿ?” ಎಂದ ಜಾಣ ನೀನೇ.

ಇವತ್ತೇ ಬಳ್ಳಾರಿಗೆ ಹೋಗಿ ಅದನ್ನು ತಾ. ನಮ್ಮ ಸೂಜಿಗೆ ಅಗ್ಗದ್ದೇ ಸಾಕು, ಮಿಣಮಿಣ ದೀಪದ ದುಬಾರಿ ಡಬ್ಬಿ ಕಂಡು ಬಾಯಿ ಬಿಡಬೇಡ. ಅರ್ತ್ ತಂತಿ ಕಟ್ಟುವ ತಿರುಪು ಇದೆಯೇ ನೋಡು, ಇಲ್ಲದಿದ್ದರೆ ಸ್ಪೀಕರು ಗುಂಯ್ ಎನ್ನುತ್ತದೆ. ಅಂಗಡಿಯಲ್ಲೇ ಹಚ್ಚಿ ಕೇಳು.

ಸಾರು ಒಲೆಯ ಮೇಲಿದೆ. ಉಂಡು ಹೋಗು, ಹಸಿದರೆ ನಿನಗಿರುವ ಚೂರು ಬುದ್ಧಿಯೂ ಓಡುವುದಿಲ್ಲ.

ಭಾನುವಾರ ಕುರುಗೋಡಿನಲ್ಲಿ ನಡೆಯುವ ಅವ್ವನ ನೆನಪಿನ ಸಭೆಗೆ, “ಅಕ್ಕಾ, ರೆಕಾರ್ಡು ಬ್ಯಾಡ, ಅವ್ವನ ಬದಲಿ ನೀನ ಹಾಡು” ಎಂದೆಯಲ್ಲ. ನೀನು ಸಣ್ಣದೆಂದ ಅವ್ವನ ದನಿಯೇ ಆ ಜನರ ಕಿವಿಗೆ ಬೀಳಬೇಕು.

ನಾನು ಹಾಡುವುದಿಲ್ಲ.

ಸಂಘಮಿತ್ರಾ