ಜೊತೆಗಾರನಿಗೆ ಟಿಕೆಟ್ ಬೇಡ

ಮಾರ್ಚ್ ೩
ಮತ್ತೆ, ನಾನು ಸುತ್ತಬೇಕೆಂದಿರುವ ಆ ದೇಶದ ರೈಲಿನ ವೆಬ್‌ಸೈಟ್. ಐದು ಊರು, ನಾಲ್ಕು ರೈಲು, ಒಂದು ಸಂಬಳ. ಪಾಸ್ ಕೊಂಡರೆ ದುಬಾರಿ. ಬಿಡಿ ಟಿಕೆಟ್ ಅಗ್ಗ, ಆದರೆ ಬರೆದ ರೈಲನ್ನೇ ಹಿಡಿಯಬೇಕು, ತಪ್ಪಿದರೆ ಟಿಕೆಟ್ ಕಸ. ಊರಿನಿಂದ ಊರಿಗೆ ಹೋಗುವುದು ಹಾಗಿರಲಿ, ಒಂದು ವಾರದಿಂದ ದರದಿಂದ ದರಕ್ಕೆ ಅಲೆಯುವುದೇ ನನ್ನ ಪ್ರವಾಸ.

ಅಕ್ಕ ಟೀ ಇಟ್ಟು, ಇನ್ನೂ ಹಳಿ ಮೇಲೇ ಇದ್ದೀಯಾ ಎಂದಳು. ನಾನು ಹಳಿ ಹುಡುಕುವವನು, ಅವಳು ಹಳಿಯುವವಳು — ಮನೆಯಲ್ಲಿ ಇರುವ ಇಬ್ಬರಿಗೆ ಕೆಲಸ ಹೀಗೆ ಹಂಚಿಕೆಯಾಗಿದೆ. ಅವಳಿಗೆ ಹುಟ್ಟಿನಿಂದ ಎಡಗಾಲು ಗಿಡ್ಡ. ಕುಂಟುತ್ತಾಳೆ, ಆದರೆ ನಾನು ನಡೆಯುವುದಕ್ಕಿಂತ ಬೇಗ ಕುಂಟುತ್ತಾಳೆ. ಬೆಳಕು ಹರಿಯುವ ಮುಂಚೆ ಮೂರು ಚಕ್ರದ ಸ್ಕೂಟರ್ ಏರಿ, ಮನೆಮನೆಗೆ ಹೋಗಿ, ಲ್ಯಾಬಿಗೆ ರಕ್ತದ ಸ್ಯಾಂಪಲ್ ತರುವ ಉದ್ಯೋಗ. ನಾನು ಜಾಹೀರಾತು ಬರೆಯುವವನು. ಅವಳು ಜನರ ರಕ್ತವನ್ನು ಸೂಜಿಯಿಂದ ತೆಗೆದರೆ ನಾನು ಸ್ಲೋಗನ್ನಿನಿಂದ.

ಮಾರ್ಚ್ ೫
ಸಿಕ್ಕಿತು. ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ — ಒಬ್ಬರೇ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ ಅರ್ಧ ದರ. ಜೊತೆಗಾರನಿಗೆ ಪೂರ್ತಿ ಬಿಟ್ಟಿ. ಡಾಕ್ಟರ ಸರ್ಟಿಫಿಕೇಟ್ ಇದ್ದರೆ ಸಾಕು. ಅಂದರೆ ನಾನೊಬ್ಬನೇ ಹೋಗುವುದಕ್ಕಿಂತ ಅಕ್ಕನನ್ನು ಕಟ್ಟಿಕೊಂಡು ಹೋಗುವುದೇ ಅಗ್ಗ. ಮಕ್ಕಳಿದ್ದವರಿಗೆ ಅರ್ಧ ಟಿಕೆಟ್, ನನಗೆ ಅಕ್ಕನ ಕಾಲು ಟಿಕೆಟ್. ಇದನ್ನು ಅವಳ ಎದುರು ಹೇಳಬಾರದು ಎಂದುಕೊಂಡೆ. ಹೇಳಿದೆ. ನಕ್ಕಳು.

ನಿಜವಾಗಿ ಕರೆದುಕೊಂಡು ಹೋಗುತ್ತೀಯಾ ಎಂದು ಎರಡು ಸಲ ಕೇಳಿದಳು. ಸಮುದ್ರದ ಪಕ್ಕದಲ್ಲಿ ಓಡುವ ರೈಲು ಇದೆಯಾ ಎಂದಳು. ಇದೆ, ಕಿಟಕಿ ಸೀಟು ನಿನಗೇ ಎಂದೆ. ವಿಮಾನದ ಖರ್ಚು ಅವಳ ಉಳಿತಾಯದಿಂದ. ಉದಾರಿ ನಾನು.

ಮಾರ್ಚ್ ೧೧
ಸರ್ಟಿಫಿಕೇಟ್ ದಿನ. ಲ್ಯಾಬಿನ ಡಾಕ್ಟರೇ ಬರೆಯಬೇಕು, ಬೇರೆಯವರು ಪರಿಚಯವಿಲ್ಲ. ಅಕ್ಕನಿಗೆ ಇರುಸುಮುರುಸು. ದಿನಾ ಒಬ್ಬಳೇ ಊರು ಸುತ್ತುವವಳು, ಒಬ್ಬಳೇ ಹೋಗಲಾರೆ ಅಂತ ಬರೆಸಿಕೊಳ್ಳುವುದೇ? ಬರೀ ಕಾಗದ ಎಂದೆ. ಕಾರಿಡಾರಿನಲ್ಲಿ ರಿಹರ್ಸಲ್ ಮಾಡಿಸಿದೆ — ಏಳುವಾಗ ಕುರ್ಚಿಯ ಕೈ ಹಿಡಿ, ಗೋಡೆ ಸವರು, ಉತ್ತರಕ್ಕೆ ಮುಂಚೆ ಉಸಿರು ಬಿಡು. ಮೂರನೇ ಸಲ ಎಷ್ಟು ಚೆನ್ನಾಗಿ ಮಾಡಿದಳೆಂದರೆ, ನನಗೇ ಗೊತ್ತಿಲ್ಲದೆ ಅವಳ ಮೊಣಕೈ ಹಿಡಿದಿದ್ದೆ.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ನಿನ್ನೆ ತಾನೇ ಮೂರನೇ ಮಹಡಿ ಹತ್ತಿ ನಮ್ಮನೆಗೆ ಬಂದಿದ್ರಲ್ಲಮ್ಮ?"

ಅಕ್ಕ ನನ್ನ ಮುಖ ನೋಡಿದಳು. ನಾನೇ ಬಾಯಿ ಹಾಕಿದೆ. "ಹೊರಗೆ ತೋರಿಸ್ಕೊಳ್ಳಲ್ಲ ಸಾರ್. ಮನೇಲಿ ನೋಡ್ಬೇಕು. ಬಚ್ಚಲಿಗೆ ಹೋಗೋದಕ್ಕೂ ನಾನೇ ಹಿಡ್ಕೋಬೇಕು."

ಬರೆದರು. ಅಕ್ಕ ದಾರಿಯುದ್ದಕ್ಕೂ ಸ್ಕೂಟರನ್ನು ಎಂದಿಗಿಂತ ಜೋರಾಗಿ ಓಡಿಸಿದಳು. ಹಿಂದೆ ಕೂತ ನಾನು, ಒಬ್ಬರೇ ಪ್ರಯಾಣ ಮಾಡಲಾಗದವನು.

ಸಂಜೆ ನಾಲ್ಕೂ ರೈಲು ಬುಕ್. ಎಲ್ಲವೂ ಅತಿ ಅಗ್ಗದ್ದು — ಬದಲಾವಣೆ ಇಲ್ಲ, ಹಣ ವಾಪಸ್ ಇಲ್ಲ.

ಏಪ್ರಿಲ್ ೨
ಸಣ್ಣ ತೊಡಕು. ಸ್ಕೂಟರಿನವರಿಗೆಲ್ಲ ಲ್ಯಾಬಿನಲ್ಲಿ ವರ್ಷಕ್ಕೊಮ್ಮೆ ಫಿಟ್‌ನೆಸ್ ಚೀಟಿ. ಕೊಡುವವರು ಅದೇ ಡಾಕ್ಟರು. ಹೋದ ತಿಂಗಳು ಆಗಲ್ಲ ಅಂತ ಬರೆದ ಕೈಯಲ್ಲಿ ಈ ತಿಂಗಳು ಆಗುತ್ತೆ ಅಂತ ಹೇಗೆ ಬರೆಯಲಿ ಎಂದರಂತೆ. ತಪ್ಪೇನು ಅವರದು. ಅಕ್ಕ ರಕ್ತ ತೆಗೆಯುವ ಮನೆಗಳನ್ನೆಲ್ಲ ಬೇರೊಬ್ಬಳಿಗೆ ವಹಿಸಿದ್ದಾರೆ. ಕೂತು ಮಾಡುವ ಕೆಲಸ ಬಂದರೆ ಹೇಳಿ ಕಳಿಸುತ್ತಾರಂತೆ.

ಅಕ್ಕ ಬಾಗಿಲ ಹತ್ತಿರ ನಿಂತೇ ಕೇಳಿದಳು. "ನಾಳೆ ನನ್ನ ಜೊತೆ ಬಾ. ಸುಳ್ಳು ಹೇಳಿದ್ದೆ ಅಂತ ಡಾಕ್ಟ್ರಿಗೆ ಒಂದು ಮಾತು ಹೇಳು. ಸಾಕು."

ಸರ್ಟಿಫಿಕೇಟ್ ಹೋದರೆ ಟಿಕೆಟ್ಟೂ ಹೋಗುತ್ತದೆ, ಬಂದಮೇಲೆ ಹೇಳೋಣ ಎಂದೆ. ಅಷ್ಟರಲ್ಲಿ ತನ್ನ ಮನೆಗಳವರು ಹೊಸಬಳಿಗೆ ಒಗ್ಗಿಕೊಂಡಿರುತ್ತಾರೆ ಎಂದಳು. ಜನರ ರಕ್ತದ ಗುಂಪು ಬದಲಾಗುವುದಿಲ್ಲ ಮಾರಾಯ್ತಿ, ಅವರೂ ಬದಲಾಗುವುದಿಲ್ಲ ಎಂದೆ. ಒಳ್ಳೆಯ ಜೋಕು. ನಗಲಿಲ್ಲ.

ಏಪ್ರಿಲ್ ೨೭
ಸ್ಕೂಟರಿಗೆ ಹೊದಿಕೆ ಹಾಕಿದ್ದಾಳೆ. ಬೆಳಗ್ಗೆ ಎಂದಿನ ಹೊತ್ತಿಗೆ ಎದ್ದು, ಶೂ ಹಾಕಿಕೊಂಡು, ಅಡುಗೆಮನೆಯಲ್ಲಿ ಕೂರುತ್ತಾಳೆ. ನೋಡುವುದು ಕಷ್ಟ. ಮೇಲೆ ರೂಮಿನಲ್ಲೇ ಕಾಫಿ ಕುಡಿಯುತ್ತಿದ್ದೇನೆ.

ಮೇ ೧೯
ಬಂದಿಳಿದೆವು. ಮೊದಲ ರೈಲು ಚಿನ್ನದಂಥದು. ಸ್ಟೇಷನ್ನಿನವರೇ ಗಾಲಿಕುರ್ಚಿ ತಂದು ಕೂರಿಸಿದರು, ಎಲ್ಲರಿಗಿಂತ ಮುಂಚೆ ಹತ್ತಿಸಿದರು. ನಿಲ್ಲಲಾಗದವಳಿಗೆ ಎಂಥ ಮರ್ಯಾದೆಯ ನಿಲ್ದಾಣ! ನಾನು ಬೋಗಿಯಲ್ಲಿ ಕೂತ ಭೋಗಿ.

ಹೋಟೆಲ್ ರೂಮಿನ ಬಾಗಿಲು ಹಾಕಿ, ಈಗ ಯಾರೂ ಇಲ್ಲ, ಏಳು ಎಂದೆ.

"ಆಗಲ್ಲ."

"ಯಾಕೆ?"

"ಬರೆದಿದೆಯಲ್ಲ."

ತಮಾಷೆ. ನನ್ನ ಅಕ್ಕ ತಾನೇ.

ಮೇ ೨೦
ತಮಾಷೆ ಅಲ್ಲ. ಲೇಸ್ ಕಟ್ಟಿದೆ. ಸಾಕ್ಸ್ ಹಾಕಿದೆ. ಬಚ್ಚಲಿನ ಬಾಗಿಲವರೆಗೆ ಹಿಡಿದುಕೊಂಡು ಹೋದೆ. ಪೂರ್ತಿ ಭಾರ ನನ್ನ ಮೇಲೆ ಬಿಟ್ಟಳು. ಕೋಪವಿಲ್ಲ, ಮುಖ ಊದಿಸಿಕೊಂಡಿಲ್ಲ. ಪ್ರತಿ ಸಲ "ಸ್ವಲ್ಪ ಹಿಡ್ಕೋತೀಯಾ" ಎಂದು ಮರ್ಯಾದೆಯಿಂದ ಕೇಳುತ್ತಾಳೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮೇ ೨೧
ಸಮುದ್ರದ ರೈಲು. ನೀರು ಅವಳ ಕಿಟಕಿಗೆ ತಾಗುವಷ್ಟು ಹತ್ತಿರ. ನೋಡಲಿಲ್ಲ. ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ಕೊಟ್ಟೆ, ಬಾಯಿ ತೆರೆದಳು. ಎದುರಿನ ಮುದುಕಿಯೊಬ್ಬಳು ನನ್ನ ಕೈ ಮುಟ್ಟಿ ಕಣ್ಣಲ್ಲಿ ನೀರು ತಂದುಕೊಂಡಳು. ಇಂಥ ತಮ್ಮನನ್ನು ಪಡೆಯಬೇಕು ಎಂದಿರಬೇಕು. ನನ್ನ ಸೊಂಟ ಬಿದ್ದುಹೋಗಿದೆ.

ಮೇ ೨೩
ಊರು ನೋಡಿಲ್ಲ. ಹೋಟೆಲಿನವರು ಕೊಟ್ಟ ಗಾಲಿಕುರ್ಚಿ ತಳ್ಳಿದ್ದೇನೆ. ಮೆಟ್ಟಿಲು ಇರುವ ಕಡೆ ಅವಳನ್ನು ಎತ್ತಿದ್ದೇನೆ. ಸಂಜೆ ಕಾಲು ಹಿಡಿಯುವುದೊಂದು ಬಾಕಿ — ಅದೂ ಆಯಿತು, ಶೂ ಬಿಚ್ಚುವಾಗ ಹಾಗೇ ಹಿಡಿದುಕೊಂಡು ಹೇಳಿದೆ. "ಸಾಕು ಮಾಡಕ್ಕ. ವಾಪಸ್ ಹೋದ ದಿನಾನೇ ಡಾಕ್ಟ್ರ ಹತ್ರ ಹೋಗೋಣ. ಸುಳ್ಳು ಹೇಳಿದೆ ಅಂತ ಹೇಳ್ತೀನಿ."

"ಯಾವುದು ಸುಳ್ಳು?" ಎಂದಳು. ವ್ಯಂಗ್ಯವಿರಲಿಲ್ಲ. ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ಮೇ ೨೪, ರೈಲಿನಲ್ಲಿ
ಅಕ್ಷರ ಅಲ್ಲಾಡುತ್ತಿರುವುದು ರೈಲಿನಿಂದ.

ನಾವಿದ್ದ ಮೂರನೇ ರೈಲು ತಡವಾಗಿ ತಲುಪಿತು. ನಾಲ್ಕನೆಯದು ಅದೇ ಪ್ಲಾಟ್‌ಫಾರ್ಮಿನ ಆಚೆ ಬದಿಯಲ್ಲಿ ಹೊರಡಲು ನಿಂತಿತ್ತು. ಇಳಿಸಿದವರು ಅವಳನ್ನು ಬೆಂಚಿನ ಮೇಲೆ ಕೂರಿಸಿ ಕುರ್ಚಿ ಒಯ್ದರು, ಇನ್ನೊಂದು ಬರಲಿಲ್ಲ. ಬ್ಯಾಗುಗಳನ್ನು ಒಳಗೆ ಎಸೆದೆ. ಒಂದು ಕಾಲು ರೈಲಿನಲ್ಲಿ, ಒಂದು ಕಾಲು ನೆಲದ ಮೇಲೆ.

"ನಾಕು ಹೆಜ್ಜೆ ಅಕ್ಕ. ಇದೊಂದು ಸಲ. ನಡಿ."

"ಬಂದು ಕರ್ಕೊಂಡು ಹೋಗು."

ಹೋಗಬಹುದಿತ್ತು. ಬಹುಶಃ ರೈಲು ತಪ್ಪುತ್ತಿತ್ತು. ಆದರೆ ಏಳುತ್ತಾಳೆ ಎಂದು ನನಗೆ ಗೊತ್ತಿತ್ತು. ಏಳಬಲ್ಲಳು ಎಂದು ಇಡೀ ಜಗತ್ತಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಿಲ್ಲಲಿ ನೋಡೋಣ ಎಂದುಕೊಂಡು ಎರಡನೇ ಕಾಲನ್ನೂ ಒಳಗಿಟ್ಟೆ. ಒಮ್ಮೆ ಬೆಂಚಿನ ಅಂಚು ಹಿಡಿದಳು. ಬಿಟ್ಟಳು. ಕೈ ಮಡಿಲಲ್ಲಿಟ್ಟುಕೊಂಡಳು. ಬಾಗಿಲು ಮುಚ್ಚಿತು. ಕೂಗಲಿಲ್ಲ, ಕೈ ಬೀಸಲಿಲ್ಲ. ಕಿಟಕಿಯಿಂದ ಕಿಟಕಿಗೆ ಸರಿದು ಹೋದಳು.

ಅವಳ ಪಾಸ್‌ಪೋರ್ಟ್, ಫೋನು, ಗುಳಿಗೆ ಎಲ್ಲ ನನ್ನ ಬ್ಯಾಗಿನಲ್ಲಿ. ಆ ಊರಿನ ಭಾಷೆಯ ಒಂದು ಪದ ಅವಳಿಗೆ ಬಾರದು. ಮುಂದಿನ ಸ್ಟೇಷನ್ ಒಂದು ಗಂಟೆ ದೂರ.

ಟಿಕೆಟ್ ನೋಡುವವನು ಈ ಬೋಗಿಗೆ ಬಂದಿದ್ದಾನೆ. ನನ್ನ ಚೀಟಿಯಲ್ಲಿ ಜೊತೆಗಾರ ಎಂದಷ್ಟೇ ಇದೆ. ಯಾರ ಜೊತೆ ಎಂದು ಕೇಳಿದರೆ ನಾನು